ಚಂದಾ ನಿಂತ ಮಾರನೇ ದಿನ ಲೈಬ್ರರಿಯಲ್ಲಿ ಏನು ಉಳಿಯುತ್ತದೆ?

ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಕೌಂಟರ್ ಹತ್ತಿರ ಬಂದು ಒಂದು ಲೇಖನ ಕೇಳಿದಳು. 2011ರ ಸಂಚಿಕೆಯದು. ಆ ಜರ್ನಲ್‌ಗೆ ನಮ್ಮ ಲೈಬ್ರರಿ ವರ್ಷಗಟ್ಟಲೆ ಚಂದಾ ಕಟ್ಟಿತ್ತು. 2011ರಲ್ಲೂ ಕಟ್ಟಿತ್ತು. ಆಮೇಲೆ ಹಣ ಸಾಲದೆ ನಿಲ್ಲಿಸಿದ್ದೆವು. ಲಿಂಕ್ ಒತ್ತಿದೆ. ಲೇಖನದ ಹೆಸರು ಬಂತು, ಸಾರಾಂಶ ಬಂತು, ಕೆಳಗೆ ಒಂದು ಬೀಗದ ಚಿತ್ರ. ಪಕ್ಕದಲ್ಲಿ 'ಈ ಲೇಖನ ಕೊಳ್ಳಿ' ಎಂಬ ಬಟನ್. ಒಮ್ಮೆ ಹಣ ಕೊಟ್ಟು ತರಿಸಿಕೊಂಡಿದ್ದ ಲೇಖನ ಅದು.

ಬೀರು ತೆಗೆದು ಹಳೇ ಲೈಸೆನ್ಸ್ ಹುಡುಕಿದೆ. ಯಾರು ಓದಬಹುದು, ಎಷ್ಟು ಪುಟ ಪ್ರಿಂಟ್ ತೆಗೆಯಬಹುದು, ಹಣ ತಡವಾದರೆ ಏನು ಅಂತೆಲ್ಲ ಬರೆದಿತ್ತು. ಚಂದಾ ನಿಂತ ಮೇಲೆ ಹಳೇ ವರ್ಷಗಳ ಗತಿ ಏನು ಅನ್ನುವ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದೇ ಜರ್ನಲ್‌ನ 1990ರ ದಶಕದ ಸಂಪುಟಗಳು ಮಾತ್ರ ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ, ಕೆಂಪು ಬೈಂಡಿನಲ್ಲಿ, ಸಾಲಾಗಿ ಕೂತಿದ್ದವು. ಅವುಗಳನ್ನು ಕೊಟ್ಟವರ ಅನುಮತಿ ಕೇಳದೆ ಇವತ್ತೂ ತೆಗೆದು ಓದಬಹುದು.

ಅವತ್ತಿನಿಂದ ಯಾವ ಡಿಜಿಟಲ್ ಸಾಮಗ್ರಿ ತರಿಸುವಾಗಲೂ ನಾನು ಬೆಲೆ ಕೇಳುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ನಾವು ಹಣ ಕಟ್ಟುವುದು ನಿಲ್ಲಿಸಿದ ಮಾರನೇ ದಿನ ನಮ್ಮ ಓದುಗರಿಗೆ ಏನು ಸಿಗುತ್ತದೆ? ಈ ಬರಹದಲ್ಲಿ ಬೇರೆ ಬೇರೆ ಆಯ್ಕೆಗಳನ್ನು ಹೋಲಿಸಿರುವುದು ಈ ಒಂದು ಪ್ರಶ್ನೆಯ ಮೇಲೇ.

ಹಕ್ಕು ಬೇರೆ, ಪ್ರತಿ ಬೇರೆ

ಅಚ್ಚಾದ ಪುಸ್ತಕ ಕೊಂಡರೆ ಆ ಪ್ರತಿ ನಮ್ಮದು. ಎರವಲು ಕೊಡಬಹುದು, ಹಳೆಯದಾದರೆ ಮಾರಬಹುದು. ಡಿಜಿಟಲ್ ಸಾಮಗ್ರಿಯಲ್ಲಿ ನಮಗೆ ಸಿಗುವುದು ಲೈಸೆನ್ಸ್, ಅಂದರೆ ಬಳಸಲು ಅನುಮತಿ. ಅನುಮತಿಯ ಉದ್ದಗಲವನ್ನು ಹೇಳುವುದು ಒಪ್ಪಂದದ ಕಾಗದ. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2019ರ ಡಿಸೆಂಬರ್‌ನಲ್ಲಿ, ಇ-ಪುಸ್ತಕವನ್ನು ಅಚ್ಚಿನ ಪುಸ್ತಕದಂತೆ ಸೆಕೆಂಡ್ ಹ್ಯಾಂಡ್ ಆಗಿ ಮಾರುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಅಮೆರಿಕದಲ್ಲಿ ಇಂಟರ್ನೆಟ್ ಆರ್ಕೈವ್ ಎಂಬ ಡಿಜಿಟಲ್ ಲೈಬ್ರರಿ ತನ್ನ ಬಳಿ ಇದ್ದ ಅಚ್ಚಿನ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಎರವಲು ಕೊಡುತ್ತಿತ್ತು. ನಾಲ್ಕು ಪ್ರಕಾಶಕರು ದಾವೆ ಹೂಡಿದರು. 2023ರಲ್ಲಿ ಆರ್ಕೈವ್ ಸೋತಿತು. 2024ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿಯಲ್ಲೂ ಸೋತಿತು. ಹಾಗಾಗಿ 'ನಮ್ಮ ಅಚ್ಚಿನ ಪ್ರತಿಯನ್ನೇ ಸ್ಕ್ಯಾನ್ ಮಾಡಿ ಓದುಗರಿಗೆ ಕೊಡೋಣ' ಅನ್ನುವ ದಾರಿಯನ್ನು ನಂಬಿ ಲೈಸೆನ್ಸ್ ಬಿಡುವುದು ಅಪಾಯ.

ಇಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಒಂದು, ಓದುವ ಹಕ್ಕು ನಮಗಿದೆಯಾ? ಇನ್ನೊಂದು, ಓದಲು ಒಂದು ಪ್ರತಿ ಎಲ್ಲಾದರೂ ಉಳಿದಿರುತ್ತದಾ? ಹಕ್ಕು ಇದ್ದು ಪ್ರತಿ ಇಲ್ಲದಿದ್ದರೆ ಕಾಗದ ಹಿಡಿದು ಕೂರಬೇಕು. ಪ್ರತಿ ಇದ್ದು ಹಕ್ಕು ಇಲ್ಲದಿದ್ದರೆ ಬೀಗದ ಚಿತ್ರ ನೋಡಬೇಕು. ಮಾರಾಟಕ್ಕೆ ಬರುವವರು 'ಶಾಶ್ವತ ಪ್ರವೇಶ' ಅಂದಾಗ ಈ ಎರಡರಲ್ಲಿ ಯಾವುದರ ಬಗ್ಗೆ ಹೇಳುತ್ತಿದ್ದಾರೆ ಅಂತ ಕೇಳಿ ನೋಡಿ. ಬಹಳ ಸಲ ಮೊದಲನೆಯದು ಮಾತ್ರ.

ಜರ್ನಲ್‌ಗಳ ವಾರ್ಷಿಕ ಚಂದಾ

ಲೈಸೆನ್ಸ್ ಚೆನ್ನಾಗಿದ್ದರೆ ಇದು ಒಳ್ಳೆಯ ಆಯ್ಕೆ. ಚಂದಾ ಕಟ್ಟಿದ ವರ್ಷಗಳ ಸಂಚಿಕೆಗಳನ್ನು, ಚಂದಾ ನಿಂತ ಮೇಲೂ ಓದುವ ಹಕ್ಕನ್ನು ಅನೇಕ ದೊಡ್ಡ ಪ್ರಕಾಶಕರು ಕೊಡುತ್ತಾರೆ. ಕೇಳಿದರೆ ಕೊಡುತ್ತಾರೆ ಅನ್ನುವುದು ಇನ್ನೂ ಸರಿ.

ಇದರ ಬೆಲೆ ಏನು ಅಂತ ಗೊತ್ತಾಗಬೇಕಾದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕಥೆ ನೋಡಬೇಕು. 2019ರ ಫೆಬ್ರವರಿಯಲ್ಲಿ ಅವರು ಎಲ್ಸೆವಿಯರ್ ಎಂಬ ದೊಡ್ಡ ಜರ್ನಲ್ ಪ್ರಕಾಶನದ ಜೊತೆ ಮಾತುಕತೆ ಮುರಿದುಕೊಂಡರು. ಜುಲೈನಲ್ಲಿ ಹೊಸ ಲೇಖನಗಳ ಪ್ರವೇಶ ನಿಂತಿತು. ಆದರೆ ಹಿಂದಿನ ವರ್ಷಗಳ ಹೆಚ್ಚಿನ ಲೇಖನಗಳು ಅವರಿಗೆ ಸಿಗುತ್ತಲೇ ಇದ್ದವು. ಹಳೇ ಒಪ್ಪಂದಗಳಲ್ಲಿ ಆ ಹಕ್ಕನ್ನು ಬರೆಸಿಕೊಂಡಿದ್ದರು. ಸುಮಾರು ಎರಡು ವರ್ಷ ಹಾಗೇ ನಡೆಸಿ, 2021ರ ಮಾರ್ಚ್‌ನಲ್ಲಿ ಹೊಸ ಒಪ್ಪಂದ ಮಾಡಿಕೊಂಡರು. ಹಳೇ ಸಂಚಿಕೆಗಳೂ ಕೈತಪ್ಪುವಂತಿದ್ದರೆ ಅಷ್ಟು ದಿನ ಗಟ್ಟಿಯಾಗಿ ನಿಲ್ಲುವುದು ಬಹಳ ಕಷ್ಟವಾಗುತ್ತಿತ್ತು. ಚಂದಾ ನಿಂತ ಮೇಲಿನ ಹಕ್ಕು ಬರೀ ಓದುಗರ ಅನುಕೂಲಕ್ಕಲ್ಲ. ಚೌಕಾಸಿ ಮಾಡುವಾಗ ನಮ್ಮ ಬೆನ್ನಿಗೆ ಇರುವ ಬಲವೂ ಅದೇ.

ಆದರೆ ಇಲ್ಲಿ ಕೆಲವು ಹಳ್ಳಗಳಿವೆ.

ಚಂದಾ ಕಟ್ಟುವಾಗ ಎಷ್ಟೋ ಸಲ ಹಿಂದಿನ ಹತ್ತಿಪ್ಪತ್ತು ವರ್ಷಗಳ ಸಂಚಿಕೆಗಳೂ ತೆರೆದಿರುತ್ತವೆ. ಓದುಗರು ಅದೆಲ್ಲ ನಮ್ಮದು ಅಂದುಕೊಳ್ಳುತ್ತಾರೆ. ಹೆಚ್ಚಿನ ಒಪ್ಪಂದಗಳಲ್ಲಿ ಅದು ಚಂದಾ ಇರುವವರೆಗೆ ಮಾತ್ರ ಕೊಟ್ಟ ಸೌಲಭ್ಯ. ನಾವು ಹಣ ಕಟ್ಟಿದ್ದು 2015ರಿಂದ 2020ರವರೆಗೆ ಆದರೆ ಉಳಿಯುವುದು ಆ ಆರು ವರ್ಷ ಅಷ್ಟೇ. ಹಳೇ ಸಂಚಿಕೆಗಳು ಬೇಕಾದರೆ 'ಬ್ಯಾಕ್‌ಫೈಲ್' ಅಂತ ಬೇರೆ ಕೊಳ್ಳಬೇಕು.

ದೊಡ್ಡ ಪ್ಯಾಕೇಜ್ ತೆಗೆದುಕೊಂಡರೆ ಇನ್ನೊಂದು ತೊಡಕು. ನೂರಾರು ಜರ್ನಲ್‌ಗಳಲ್ಲಿ ಕೆಲವಕ್ಕೆ ಮಾತ್ರ ಉಳಿಯುವ ಹಕ್ಕು ಇರಬಹುದು, ಮಿಕ್ಕವು ಪ್ಯಾಕೇಜ್ ಇರುವಷ್ಟು ದಿನ ಮಾತ್ರ. ಪಟ್ಟಿಯಲ್ಲಿ ಎರಡೂ ಒಟ್ಟಿಗೆ ಇರುತ್ತವೆ. ಬಣ್ಣ ಹಚ್ಚಿ ಬೇರೆ ಮಾಡಿ ಕೊಡಿ ಅಂತ ಮೊದಲೇ ಕೇಳಿ.

ಜರ್ನಲ್‌ಗಳು ಮನೆ ಬದಲಿಸುತ್ತವೆ, ಇದು ಮೂರನೇ ತೊಡಕು. ಒಂದು ಸಂಘದ ಜರ್ನಲ್ ಇವತ್ತು ಒಬ್ಬ ಪ್ರಕಾಶಕರ ಬಳಿ, ನಾಳೆ ಇನ್ನೊಬ್ಬರ ಬಳಿ. ಹಳೇ ಪ್ರಕಾಶಕರ ಬಳಿ ಇದ್ದ ನಮ್ಮ ಹಕ್ಕಿನ ದಾಖಲೆ ಹೊಸಬರಿಗೆ ತಲುಪಿರುವುದಿಲ್ಲ. ಇದಕ್ಕಾಗಿಯೇ 'ಟ್ರಾನ್ಸ್‌ಫರ್' ಎಂಬ ನೀತಿಸಂಹಿತೆ ಇದೆ. ಜರ್ನಲ್ ಪಡೆದುಕೊಂಡವರು ಹಿಂದಿನ ಚಂದಾದಾರರ ಶಾಶ್ವತ ಹಕ್ಕನ್ನು ಗೌರವಿಸಬೇಕು ಎಂದು ಅದು ಹೇಳುತ್ತದೆ. ಆದರೆ ಅದಕ್ಕೆ ಸಹಿ ಹಾಕುವುದು ಪ್ರಕಾಶಕರ ಇಷ್ಟ. ನಮ್ಮ ಪ್ರಕಾಶಕರು ಸಹಿ ಹಾಕಿದ್ದಾರಾ ಅಂತ ನೋಡುವುದು ಐದು ನಿಮಿಷದ ಕೆಲಸ.

ಒಟ್ಟು ಡೇಟಾಬೇಸ್

ಹತ್ತಾರು ಪ್ರಕಾಶಕರ ಜರ್ನಲ್, ಪತ್ರಿಕೆ, ಇ-ಪುಸ್ತಕ ಎಲ್ಲ ಸೇರಿಸಿ ಒಂದೇ ಚಂದಾಕ್ಕೆ ಕೊಡುವ ವ್ಯವಸ್ಥೆ ಇದು. ಒಂದೊಂದು ಶೀರ್ಷಿಕೆಗೆ ಲೆಕ್ಕ ಹಾಕಿದರೆ ಇದಕ್ಕಿಂತ ಅಗ್ಗ ಸಿಗುವುದು ಕಷ್ಟ. ಸಣ್ಣ ಕಾಲೇಜಿಗೆ, ಪದವಿ ಮಕ್ಕಳ ಪ್ರಾಜೆಕ್ಟ್ ಕೆಲಸಕ್ಕೆ ಬಹಳ ಉಪಯೋಗ.

ದೀರ್ಘಕಾಲದ ಲೆಕ್ಕದಲ್ಲಿ ಮಾತ್ರ ಇಲ್ಲಿ ಉಳಿಯುವುದು ಸೊನ್ನೆ. ಚಂದಾ ನಿಂತ ದಿನ ಎಲ್ಲವೂ ಹೋಗುತ್ತದೆ. ಅಷ್ಟೇ ಅಲ್ಲ, ಚಂದಾ ಇರುವಾಗಲೇ ಹೋಗಬಹುದು. 2022ರ ಆಗಸ್ಟ್ ಕೊನೆಯಲ್ಲಿ ವೈಲಿ ಪ್ರಕಾಶನ, ಪ್ರೊಕ್ವೆಸ್ಟ್ ಕಂಪನಿಯ ಅಕಾಡೆಮಿಕ್ ಕಂಪ್ಲೀಟ್ ಎಂಬ ಇ-ಪುಸ್ತಕ ಸಂಗ್ರಹದಿಂದ 1,300ಕ್ಕೂ ಹೆಚ್ಚು ಪುಸ್ತಕಗಳನ್ನು ಹಿಂದಕ್ಕೆ ತೆಗೆದುಕೊಂಡಿತು. ಆಗ ತಾನೇ ಸೆಮಿಸ್ಟರ್ ಶುರುವಾಗಿತ್ತು. ಅಧ್ಯಾಪಕರು ಪಠ್ಯವಾಗಿ ಗೊತ್ತುಮಾಡಿದ್ದ ಪುಸ್ತಕಗಳೂ ಅದರಲ್ಲಿದ್ದವು. ಗ್ರಂಥಪಾಲಕರು ಜೋರಾಗಿ ದನಿ ಎತ್ತಿದ ಮೇಲೆ ಆ ಶೈಕ್ಷಣಿಕ ವರ್ಷದ ಮಟ್ಟಿಗೆ ವಾಪಸ್ ಕೊಟ್ಟರು. ಒಪ್ಪಂದದ ಪ್ರಕಾರ ತೆಗೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಇಂಥ ಸಂಗ್ರಹಗಳ ಸ್ವಭಾವವೇ ಹಾಗೆ. ಮಾರುವವರ ಬಳಿಯೂ ಇರುವುದು ಪ್ರಕಾಶಕರು ಕೊಟ್ಟ ಅನುಮತಿ ಮಾತ್ರ, ನಮಗೆ ಶಾಶ್ವತ ಹಕ್ಕನ್ನು ಅವರು ಎಲ್ಲಿಂದ ತಂದು ಕೊಡುತ್ತಾರೆ?

ನನ್ನ ಅಭಿಪ್ರಾಯ ಇಷ್ಟು. ಒಟ್ಟು ಡೇಟಾಬೇಸನ್ನು ದಿನಬಳಕೆಗೆ ಇಟ್ಟುಕೊಳ್ಳಿ. 'ಅದರಲ್ಲಿ ಸಿಗುತ್ತಲ್ವಾ' ಅಂತ ನಿಮ್ಮ ವಿಷಯದ ಮುಖ್ಯ ಜರ್ನಲ್‌ನ ನೇರ ಚಂದಾ ಮಾತ್ರ ನಿಲ್ಲಿಸಬೇಡಿ.

ಇ-ಪುಸ್ತಕ: ಒಮ್ಮೆ ಕೊಳ್ಳುವುದೋ, ಎಣಿಕೆಯ ಮೇಲೆ ಪಡೆಯುವುದೋ

ಇ-ಪುಸ್ತಕವನ್ನು ಒಂದೇ ಸಲ ಹಣ ಕೊಟ್ಟು 'ಶಾಶ್ವತ ಪ್ರವೇಶ' ಪಡೆಯುವ ಪದ್ಧತಿ ಬಹಳ ಕಾಲದಿಂದ ಇದೆ. ನಿಜವಾಗಿ ಉಳಿಯುವುದಕ್ಕೆ ಹತ್ತಿರವಾದ ಆಯ್ಕೆ ಇದು. ಆದರೆ ಆ ಪದ್ಧತಿಯೇ ಉಳಿಯುತ್ತದೆ ಅಂತಿಲ್ಲ. 2025ರ ಫೆಬ್ರವರಿಯಲ್ಲಿ ಪ್ರೊಕ್ವೆಸ್ಟ್‌ನ ಮಾಲೀಕ ಕಂಪನಿ ಕ್ಲಾರಿವೇಟ್, ಇ-ಪುಸ್ತಕಗಳ ಒಂದೇ ಸಲದ ಮಾರಾಟವನ್ನು ನಿಲ್ಲಿಸಿ ಚಂದಾ ಕಡೆಗೆ ಹೋಗುವುದಾಗಿ ಹೇಳಿತು. ಲೈಬ್ರರಿಗಳು ವಿರೋಧಿಸಿದ ಮೇಲೆ ಗಡುವನ್ನು 2026ರ ಜೂನ್ ಕೊನೆಗೆ ಮುಂದೂಡಿತು. ಈಗಾಗಲೇ ಕೊಂಡದ್ದು ಉಳಿಯುತ್ತದೆ. ಮುಂದೆ ಕೊಳ್ಳುವುದು ಎಲ್ಲಿ ಅನ್ನುವುದು ಪ್ರಶ್ನೆ. ಪ್ರಕಾಶಕರಿಂದಲೇ ನೇರವಾಗಿ, ಬೀಗವಿಲ್ಲದ ಪಿಡಿಎಫ್ ಅಥವಾ ಇಪಬ್ ಆಗಿ ಸಿಗುವುದಾದರೆ ಅದನ್ನೇ ಆರಿಸಿ.

ಬೀಗ ಅಂದೆ. ಡಿಆರ್‌ಎಂ, ಅಂದರೆ ನಕಲು ತಡೆಯುವ ಡಿಜಿಟಲ್ ಬೀಗ ಹಾಕಿದ ಪುಸ್ತಕ ಓದಲು ಎಲ್ಲೋ ಇರುವ ಒಂದು ಸರ್ವರ್ 'ಸರಿ' ಅನ್ನಬೇಕು. ಆ ಸರ್ವರ್ ನಿಂತರೆ ಪುಸ್ತಕವೂ ನಿಂತಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಅಂಗಡಿ ಮುಚ್ಚಿದಾಗ, ಜನ ಹಣ ಕೊಟ್ಟು ಕೊಂಡಿದ್ದ ಪುಸ್ತಕಗಳು ಆ ಜುಲೈನಿಂದ ತೆರೆಯಲಿಲ್ಲ. ಕಂಪನಿ ಹಣ ವಾಪಸ್ ಕೊಟ್ಟಿತು, ನಿಜ. ಒಬ್ಬ ಓದುಗನಿಗೆ ಅದು ಸಾಕಾಗಬಹುದು. ಲೈಬ್ರರಿಗೆ ಬೇಕಾದದ್ದು ಪುಸ್ತಕ.

'ಪ್ಲಾಟ್‌ಫಾರ್ಮ್ ಶುಲ್ಕ' ಎಂಬ ಸಣ್ಣ ಸಾಲನ್ನೂ ನೋಡಿ. ಒಮ್ಮೆ ಕೊಂಡ ಸಂಗ್ರಹಕ್ಕೂ ವರ್ಷ ವರ್ಷ ನಿರ್ವಹಣಾ ಶುಲ್ಕ ಕೇಳುವವರಿದ್ದಾರೆ. ಅದನ್ನು ಕಟ್ಟದಿದ್ದರೆ ಪುಸ್ತಕ ತೆರೆಯದು ಅಂದರೆ ಅದು ಕೊಂಡದ್ದಲ್ಲ, ದೊಡ್ಡ ಮುಂಗಡ ಕೊಟ್ಟು ಬಾಡಿಗೆಗೆ ತಂದದ್ದು.

ಇನ್ನು ಎಣಿಕೆಯ ಲೈಸೆನ್ಸ್. ಸಾರ್ವಜನಿಕ ಲೈಬ್ರರಿಗಳು ಕಥೆ ಕಾದಂಬರಿಗಳನ್ನು ಹೆಚ್ಚಾಗಿ ಹೀಗೇ ಪಡೆಯುತ್ತವೆ. ಹಾರ್ಪರ್‌ಕಾಲಿನ್ಸ್ 2011ರಲ್ಲಿ ಒಂದು ಇ-ಪುಸ್ತಕವನ್ನು 26 ಸಲ ಎರವಲು ಕೊಟ್ಟ ಮೇಲೆ ಮತ್ತೆ ಕೊಳ್ಳಬೇಕು ಎಂಬ ನಿಯಮ ತಂದಿತು. ಎರಡು ವಾರಕ್ಕೊಂದು ಎರವಲು ಅಂದರೆ 26 ಸಲಕ್ಕೆ ಒಂದು ವರ್ಷ. ಬೇರೆ ಪ್ರಕಾಶಕರು ಎರಡು ವರ್ಷದ ಗಡುವು ಇಡುತ್ತಾರೆ. ಆಗ ಯಾರೂ ಓದದಿದ್ದರೂ ಅವಧಿ ಮುಗಿದು ಪುಸ್ತಕ ಹೋಗುತ್ತದೆ. ಈ ಎರಡರ ನಡುವೆ ಆರಿಸಬೇಕಾದರೆ ನಿಧಾನವಾಗಿ ಓಡುವ ಪುಸ್ತಕಕ್ಕೆ ಎರವಲಿನ ಎಣಿಕೆಯೇ ಮೇಲು. ಎಲ್ಲರೂ ಒಟ್ಟಿಗೆ ಕೇಳುವ ಹೊಸ ಕಾದಂಬರಿಗೆ ಎರಡು ವರ್ಷದ ಗಡುವು ಲಾಭ. ಕಾಲದ ಕಾವು ಇಳಿದ ಮೇಲೆ ಅದರ ಹತ್ತು ಪ್ರತಿ ನಮಗೆ ಬೇಕಾಗಿರುವುದಿಲ್ಲ. ಆದರೆ ಒಂದು ಪ್ರತಿ ಬೇಕು. ಅದನ್ನು ಶಾಶ್ವತವಾಗಿ ಮಾರುವವರು ಇದ್ದರೆ ಅವರಿಂದ, ಇಲ್ಲದಿದ್ದರೆ ಅಚ್ಚಿನಲ್ಲಿ ತರಿಸಿ ಇಡಿ. ಅಚ್ಚಿನ ಪುಸ್ತಕ ಈಗಲೂ ನಮ್ಮ ಕೈಲಿರುವ ಅತ್ಯಂತ ಗಟ್ಟಿ ಲೈಸೆನ್ಸ್.

ಬಳಕೆ ನೋಡಿ ಆಮೇಲೆ ಕೊಳ್ಳುವ ಪದ್ಧತಿಯೂ ಇದೆ. ಒಂದು ವರ್ಷ ಇಡೀ ಸಂಗ್ರಹ ತೆರೆದಿಟ್ಟು, ಜಾಸ್ತಿ ಓದಿದ ಪುಸ್ತಕಗಳನ್ನು ಕೊನೆಗೆ ನಾವು ಆರಿಸಿ ಇಟ್ಟುಕೊಳ್ಳುವುದು. ಉಳಿಯುವ ಪುಸ್ತಕಗಳು ಓದುಗರೇ ಆರಿಸಿದವು ಆಗಿರುತ್ತವೆ. ಹಣ ಒಂದಿಷ್ಟಿದ್ದು ಏನು ಕೊಳ್ಳುವುದೋ ಗೊತ್ತಾಗದಿದ್ದರೆ ಇದನ್ನು ಯೋಚಿಸಿ. ಬೇರೆ ವಿಶೇಷವೇನಿಲ್ಲ.

ಮುಕ್ತ ಪ್ರವೇಶ ಇದ್ದರೆ ಚಿಂತೆ ಇಲ್ವಾ?

ಮುಕ್ತ ಪ್ರವೇಶದ ಜರ್ನಲ್‌ನಲ್ಲಿ ಹಕ್ಕಿನ ಸಮಸ್ಯೆಯೇ ಇಲ್ಲ. ಯಾರು ಬೇಕಾದರೂ ಓದಬಹುದು. ನಕಲು ಮಾಡಲು ಎಲ್ಲರಿಗೂ ಮೊದಲೇ ಒಪ್ಪಿಗೆ ಕೊಡುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಇದ್ದರೆ ಪ್ರತಿ ಮಾಡಿ ಇಟ್ಟುಕೊಳ್ಳಲೂಬಹುದು. ಲೈಬ್ರರಿಗಳು ಚಂದಾ ಕಟ್ಟುತ್ತಾ ಹೋದರೆ ಆ ವರ್ಷದ ಸಂಪುಟವನ್ನು ಎಲ್ಲರಿಗೂ ತೆರೆದಿಡುವ ಪದ್ಧತಿಯೂ ಬಂದಿದೆ. ಆನ್ಯುಯಲ್ ರಿವ್ಯೂಸ್ ಎಂಬ ಪ್ರಕಾಶನ 2020ರಲ್ಲಿ ಅದನ್ನು ಪ್ರಯೋಗ ಮಾಡಿತು. ನಮ್ಮ ಹಣಕ್ಕೆ ನಮ್ಮ ಓದುಗರಷ್ಟೇ ಅಲ್ಲ, ಎಲ್ಲರೂ ಓದುವ ಹಾಗೆ ಆಗುವುದು ನನಗೆ ಬಹಳ ಹಿಡಿಸಿದ ಸಂಗತಿ.

ಆದರೆ ಹಕ್ಕು ಬೇರೆ, ಪ್ರತಿ ಬೇರೆ ಅಂದೆನಲ್ಲ, ಅದು ಇಲ್ಲಿ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. 2000ದಿಂದ 2019ರ ನಡುವೆ 170ಕ್ಕೂ ಹೆಚ್ಚು ಮುಕ್ತ ಜರ್ನಲ್‌ಗಳು ಅಂತರ್ಜಾಲದಿಂದ ಪೂರ್ತಿ ಕಾಣೆಯಾದವು ಎಂದು ಮೂವರು ಸಂಶೋಧಕರ ಒಂದು ಅಧ್ಯಯನ ತೋರಿಸಿತು. ಬೀಗ ಯಾರೂ ಹಾಕಲಿಲ್ಲ. ಸಣ್ಣ ಸಂಘ, ಒಂದಿಬ್ಬರು ಸಂಪಾದಕರು, ಒಂದು ಸರ್ವರ್. ನಡೆಸುವವರು ನಿಂತರು, ಸರ್ವರ್ ನಿಂತಿತು. ಚಂದಾದಾರರೇ ಇಲ್ಲದ ಕಾರಣ 'ನಮ್ಮ ಪ್ರತಿ ಎಲ್ಲಿ' ಎಂದು ಕೇಳುವವರೂ ಇರಲಿಲ್ಲ. ಆದ್ದರಿಂದ ನಿಮ್ಮ ಓದುಗರು ನೆಚ್ಚಿಕೊಂಡಿರುವ ಸಣ್ಣ ಮುಕ್ತ ಜರ್ನಲ್ ಇದ್ದರೆ ಅದನ್ನು ಯಾರು ಕಾಪಿಡುತ್ತಿದ್ದಾರೆ ಅಂತ ನೋಡಿ. ಸಂಪಾದಕರಿಗೆ ಒಂದು ಮೇಲ್ ಬರೆದು ಕೇಳಿ. ನಾವು ಕೇಳಿದ ಮೇಲೆ ಜರ್ನಲನ್ನು ದೀರ್ಘಕಾಲ ಕಾಪಿಡುವ ಆರ್ಕೈವ್‌ಗೆ ಸೇರಿಸಿದವರನ್ನು ನಾನು ನೋಡಿದ್ದೇನೆ.

ಪ್ರತಿ ಎಲ್ಲಿರಬೇಕು?

ಇದು ಈ ವಿಷಯದ ತಿರುಳು. ಹಕ್ಕು ಬರೆಸಿಕೊಂಡಾಯಿತು. ಇಪ್ಪತ್ತು ವರ್ಷದ ಮೇಲೆ ಫೈಲ್ ಯಾರ ಬಳಿ ಇರುತ್ತದೆ?

ಸುಲಭದ ಉತ್ತರ, ಪ್ರಕಾಶಕರ ಸರ್ವರ್‌ನಲ್ಲಿ. ಓದುಗರಿಗೆ ಅದೇ ಲಿಂಕ್, ಅದೇ ಪುಟ, ನಮಗೆ ಕೆಲಸವಿಲ್ಲ. ಕಂಪನಿ ಗಟ್ಟಿಯಾಗಿರುವವರೆಗೂ ಚೆನ್ನಾಗಿ ನಡೆಯುತ್ತದೆ. ಕಾಪಿಡುವವರೂ ಮಾರುವವರೂ ಒಬ್ಬರೇ ಆಗಿರುವುದು ಇದರ ದೌರ್ಬಲ್ಯ.

ಫೈಲ್‌ಗಳನ್ನು ನಾವೇ ತರಿಸಿಕೊಂಡು ಇಡುವುದು ಇನ್ನೊಂದು ತುದಿ. ಕೆಲವು ಲೈಸೆನ್ಸ್‌ಗಳಲ್ಲಿ 'ಚಂದಾ ಮುಗಿದ ಮೇಲೆ ಫೈಲ್‌ಗಳ ಪ್ರತಿ ಕೊಡಲಾಗುವುದು' ಎಂದಿರುತ್ತದೆ. ಓದಿದರೆ ಸಮಾಧಾನ ಆಗುತ್ತದೆ. ಆದರೆ ಒಮ್ಮೆ ಹಾಗೆ ಬಂದ ಹಾರ್ಡ್ ಡಿಸ್ಕ್ ತೆರೆದು ನೋಡಿದ್ದೇನೆ. ಸಾವಿರಾರು ಫೋಲ್ಡರ್, ಪ್ರತಿಯೊಂದಕ್ಕೂ ಅಂಕಿಗಳ ಹೆಸರು, ಒಳಗೆ ಒಂದು ಎಕ್ಸ್‌ಎಂಎಲ್, ಒಂದು ಪಿಡಿಎಫ್, ಚಿತ್ರಗಳ ಗಂಟು. ಇದನ್ನು ಓದುಗರ ಮುಂದೆ ಇಡಬೇಕಾದರೆ ಹುಡುಕುವ ವ್ಯವಸ್ಥೆ, ಲಾಗಿನ್, ಬ್ಯಾಕಪ್, ವರ್ಷ ವರ್ಷ ಫೈಲ್ ಕೆಟ್ಟಿಲ್ಲವಾ ಅಂತ ನೋಡುವ ಜನ, ಎಲ್ಲ ಬೇಕು. ದೊಡ್ಡ ಲೈಬ್ರರಿ ಒಕ್ಕೂಟಗಳು ಮಾಡುತ್ತವೆ. ಇಬ್ಬರು ಸಿಬ್ಬಂದಿಯ ಲೈಬ್ರರಿಯಲ್ಲಿ ಆ ಡಿಸ್ಕ್ ಬೀರುವಿನಲ್ಲೇ ಉಳಿಯುತ್ತದೆ.

ಇವೆರಡರ ನಡುವೆ ಇರುವುದು ಮೂರನೆಯವರ ಆರ್ಕೈವ್.

ಲಾಕ್ಸ್ ವ್ಯವಸ್ಥೆ 1999ರ ಸುಮಾರಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. 'ಲಾಟ್ಸ್ ಆಫ್ ಕಾಪೀಸ್ ಕೀಪ್ ಸ್ಟಫ್ ಸೇಫ್' ಎಂಬುದರ ಚಿಕ್ಕ ರೂಪ ಅದು; ಪ್ರತಿಗಳು ಹೆಚ್ಚಿದ್ದಷ್ಟೂ ವಸ್ತು ಕ್ಷೇಮ ಅನ್ನುವುದು ಅದರ ಹೆಸರಿನಲ್ಲೇ ಇರುವ ಅರ್ಥ. ಸೇರಿದ ಪ್ರತಿ ಲೈಬ್ರರಿಯೂ ತನ್ನಲ್ಲಿ ಒಂದು ಪೆಟ್ಟಿಗೆ, ಅಂದರೆ ಒಂದು ಕಂಪ್ಯೂಟರ್ ಇಡುತ್ತದೆ. ಪ್ರಕಾಶಕರ ಅನುಮತಿಯಿಂದ ಅದು ಚಂದಾ ಇರುವ ಜರ್ನಲ್‌ಗಳ ಪ್ರತಿ ಇಳಿಸಿಕೊಳ್ಳುತ್ತದೆ. ಆಮೇಲೆ ಈ ಪೆಟ್ಟಿಗೆಗಳು ಆಗಾಗ ತಮ್ಮ ತಮ್ಮ ಪ್ರತಿಗಳನ್ನು ಹೋಲಿಸಿ ನೋಡುತ್ತವೆ. ಒಂದರಲ್ಲಿ ಫೈಲ್ ಕೆಟ್ಟಿದ್ದರೆ ಮಿಕ್ಕವುಗಳಿಂದ ಸರಿಪಡಿಸಿಕೊಳ್ಳುತ್ತದೆ. ಹಿಂದೆ ಒಂದೇ ಗ್ರಂಥವನ್ನು ಹತ್ತು ಕಡೆ ನಕಲು ಮಾಡಿ ಇಟ್ಟು, ಪಾಠಗಳನ್ನು ಹೋಲಿಸಿ ತಿದ್ದುತ್ತಿದ್ದರಲ್ಲ, ಅದೇ ಕ್ರಮ. ಪ್ರತಿ ನಮ್ಮ ಮನೆಯಲ್ಲೇ ಇರುವುದರಿಂದ ಚಂದಾ ನಿಂತರೂ ಉಪಯೋಗಕ್ಕೆ ಬರುತ್ತದೆ. ಅದನ್ನು ನೋಡಿಕೊಳ್ಳುವ ತಾಂತ್ರಿಕ ಕೈ ಒಂದು ಬೇಕು.

ಪೋರ್ಟಿಕೊ 2005ರಲ್ಲಿ ಬಂತು. ಇಲ್ಲಿ ಪ್ರಕಾಶಕರೇ ಮೂಲ ಫೈಲ್‌ಗಳನ್ನು ಕಳಿಸುತ್ತಾರೆ, ಪೋರ್ಟಿಕೊ ಅವನ್ನು ಒಂದೇ ಬಗೆಯ ರೂಪಕ್ಕೆ ತಂದು ಇಡುತ್ತದೆ. ಲೈಬ್ರರಿ ವಾರ್ಷಿಕ ಶುಲ್ಕ ಕೊಟ್ಟು ಸೇರಬೇಕು. ಪ್ರಕಾಶಕರು ಮುಚ್ಚಿದರೆ, ಜರ್ನಲ್ ಅಥವಾ ಹಳೇ ಸಂಚಿಕೆಗಳನ್ನು ಕೊಡುವುದು ನಿಲ್ಲಿಸಿದರೆ, ಸರ್ವರ್ ದೀರ್ಘಕಾಲ ಕೆಟ್ಟು ನಿಂತರೆ, ಆಗ ಸದಸ್ಯ ಲೈಬ್ರರಿಗಳಿಗೆ ಬಾಗಿಲು ತೆರೆಯುತ್ತದೆ.

ಕ್ಲಾಕ್ಸ್ ಎಂಬ ಆರ್ಕೈವ್ ಲಾಕ್ಸ್‌ನ ತಂತ್ರದ ಮೇಲೇ ಕಟ್ಟಿದ್ದು. ಪ್ರಕಾಶಕರು, ಲೈಬ್ರರಿಗಳು ಸೇರಿ ನಡೆಸುತ್ತಾರೆ. ಪ್ರಪಂಚದ ಬೇರೆ ಬೇರೆ ಕಡೆಯ 12 ತಾಣಗಳಲ್ಲಿ ಪ್ರತಿ ಇರುತ್ತದೆ. ಒಂದು ಜರ್ನಲ್ ಎಲ್ಲೂ ಸಿಗದಂತಾದರೆ ಅದನ್ನು ಸದಸ್ಯರಿಗಷ್ಟೇ ಅಲ್ಲ, ಎಲ್ಲರಿಗೂ ತೆರೆಯುತ್ತಾರೆ. ಅಂಗಾಂಗ ಕಸಿಯ ಬಗ್ಗೆ ಇದ್ದ 'ಗ್ರಾಫ್ಟ್' ಎಂಬ ಜರ್ನಲನ್ನು ಸೇಜ್ ಪ್ರಕಾಶನ 2003ರಲ್ಲಿ ನಿಲ್ಲಿಸಿತ್ತು. ಆಮೇಲೆ ಅದರ ಹಳೇ ಸಂಚಿಕೆಗಳೂ ಪ್ರಕಾಶಕರ ಬಳಿ ಸಿಗದಂತಾದಾಗ, ಆರ್ಕೈವ್‌ಗಳಿಂದ ಮೊದಲು ಹೊರಗೆ ಬಂದ ಜರ್ನಲ್‌ಗಳಲ್ಲಿ ಅದೂ ಒಂದು. ಕೆಲವೇ ಸಂಪುಟಗಳ ಜರ್ನಲ್ ಅದು. ಹೀಗೆ ಮಾಡಿರದಿದ್ದರೆ ಓದುಗರ ಪಾಲಿಗೆ ಅದು ಇದ್ದೂ ಇಲ್ಲದ ಹಾಗೆ ಆಗುತ್ತಿತ್ತು.

ಈಗ ಹುಷಾರಾಗಿ ನೋಡಬೇಕಾದ ಜಾಗ. 'ನಮ್ಮ ಜರ್ನಲ್ ಪೋರ್ಟಿಕೊದಲ್ಲಿದೆ, ಕ್ಲಾಕ್ಸ್‌ನಲ್ಲಿದೆ, ಆದ್ದರಿಂದ ಚಂದಾ ನಿಂತರೂ ನಿಮಗೆ ಸಿಗುತ್ತದೆ' ಎಂದು ಯಾರಾದರೂ ಹೇಳಿದರೆ ಅಲ್ಲೇ ತಡೆಯಿರಿ. ಈ ಎರಡೂ ಮುಖ್ಯವಾಗಿ ಜರ್ನಲ್ ಪ್ರಪಂಚಕ್ಕೇ ಸಿಗದಂತಾದಾಗ ಕೆಲಸಕ್ಕೆ ಬರುವ ವಿಮೆ. ಪ್ರಕಾಶಕರು ಚೆನ್ನಾಗಿದ್ದು ನಾವೊಬ್ಬರು ಚಂದಾ ನಿಲ್ಲಿಸಿದರೆ ಬಾಗಿಲು ತಾನಾಗಿ ತೆರೆಯುವುದಿಲ್ಲ. ಪೋರ್ಟಿಕೊ ಮೂಲಕ ಚಂದಾ ನಂತರದ ಪ್ರವೇಶ ಕೊಡಲು ಕೆಲವು ಪ್ರಕಾಶಕರು ಒಪ್ಪಿದ್ದಾರೆ, ಎಲ್ಲರೂ ಅಲ್ಲ. ಅದನ್ನು ಶೀರ್ಷಿಕೆವಾರು ಕೇಳಿ ಬರೆಸಿಕೊಳ್ಳಬೇಕು.

ರಾಷ್ಟ್ರೀಯ ಗ್ರಂಥಾಲಯಗಳೂ ಈ ಕೆಲಸ ಮಾಡುತ್ತವೆ. ನೆದರ್‌ಲ್ಯಾಂಡ್ಸ್‌ನ ರಾಷ್ಟ್ರೀಯ ಗ್ರಂಥಾಲಯ 2002ರಲ್ಲೇ ಎಲ್ಸೆವಿಯರ್ ಜೊತೆ ಅದರ ಇ-ಜರ್ನಲ್‌ಗಳನ್ನು ಕಾಪಿಡುವ ಒಪ್ಪಂದ ಮಾಡಿಕೊಂಡಿತು. ಯಾವ ಜರ್ನಲನ್ನು ಯಾವ ಆರ್ಕೈವ್, ಯಾವ ಸಂಪುಟದಿಂದ ಯಾವ ಸಂಪುಟದವರೆಗೆ ಇಟ್ಟಿದೆ ಎಂದು ಒಂದೇ ಕಡೆ ನೋಡಬೇಕಾದರೆ ಐಎಸ್‌ಎಸ್‌ಎನ್ ಅಂತರರಾಷ್ಟ್ರೀಯ ಕೇಂದ್ರ ನಡೆಸುವ ಕೀಪರ್ಸ್ ರಿಜಿಸ್ಟ್ರಿ ಇದೆ. ಐಎಸ್‌ಎಸ್‌ಎನ್, ಅಂದರೆ ಜರ್ನಲ್‌ನ ಗುರುತಿನ ಸಂಖ್ಯೆ ಹಾಕಿದರೆ ಸಾಕು, ಉಚಿತ. ಹೊಸ ಚಂದಾಕ್ಕೆ ಸಹಿ ಹಾಕುವ ಮೊದಲು ನಾನು ಇದನ್ನು ನೋಡದೆ ಇರುವುದಿಲ್ಲ. ಎಷ್ಟೋ ಕಡೆ ನಡುವಿನ ಸಂಪುಟಗಳೇ ಇರುವುದಿಲ್ಲ. 2024ರಲ್ಲಿ ಮಾರ್ಟಿನ್ ಈವ್ ಎಂಬ ಸಂಶೋಧಕರು ಡಿಒಐ ಎಂಬ ಡಿಜಿಟಲ್ ಗುರುತು ಇರುವ 70 ಲಕ್ಷಕ್ಕೂ ಹೆಚ್ಚು ಲೇಖನ, ಪುಸ್ತಕಗಳನ್ನು ತೆಗೆದುಕೊಂಡು ಹುಡುಕಿದರು. ಶೇಕಡ 28ರಷ್ಟು ಅವರು ನೋಡಿದ ಯಾವ ಆರ್ಕೈವ್‌ನಲ್ಲೂ ಕಾಣಲಿಲ್ಲ. ಡಿಒಐ ಅಂದರೆ ಶಾಶ್ವತ ವಿಳಾಸ ಅಂತ ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ವಿಳಾಸ ಇದ್ದ ಮಾತ್ರಕ್ಕೆ ಮನೆ ಇರುತ್ತದೆ ಅಂತಿಲ್ಲವಲ್ಲ.

ಕಾಗದದಲ್ಲಿ ಯಾವ ಪದ ಇರಬೇಕು

ಎರಡು ಲೈಸೆನ್ಸ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಒಂದರಲ್ಲಿ ಹೀಗಿದೆ: 'ಚಂದಾ ಮುಗಿದ ನಂತರದ ಪ್ರವೇಶವು ಪ್ರಕಾಶಕರ ಆಗಿನ ನೀತಿಗೆ ಒಳಪಟ್ಟಿರುತ್ತದೆ.' ಇನ್ನೊಂದರಲ್ಲಿ: 'ಚಂದಾ ಅವಧಿಯಲ್ಲಿ ಪ್ರಕಟವಾದ ಎಲ್ಲ ಸಾಮಗ್ರಿಗೆ ಚಂದಾ ಮುಗಿದ ಮೇಲೂ ಕಾಲಮಿತಿಯಿಲ್ಲದೆ ಪ್ರವೇಶ ಇರುತ್ತದೆ.' ಮೇಲ್ನೋಟಕ್ಕೆ ಎರಡೂ ಕೊಟ್ಟ ಹಾಗೆ ಕಾಣುತ್ತವೆ. ಮೊದಲನೆಯದರಲ್ಲಿ 'ಆಗಿನ' ಎಂಬ ಒಂದು ಪದ ಇದೆ. ಆಗಿನ ನೀತಿ ಏನಾಗಿರುತ್ತದೋ ಇವತ್ತು ಯಾರಿಗೆ ಗೊತ್ತು? ಅದನ್ನು 'ಈ ಒಪ್ಪಂದಕ್ಕೆ ಸಹಿ ಹಾಕಿದ ದಿನದ ನೀತಿ' ಎಂದು ಬದಲಿಸಿ, ಆ ನೀತಿಯ ಪ್ರತಿಯನ್ನು ಲೈಸೆನ್ಸ್‌ಗೆ ಸೇರಿಸಿ ಅಂತ ಕೇಳಿ.

ಎರಡನೆಯದೂ ಪೂರ್ತಿ ಅಲ್ಲ. ಪ್ರವೇಶ ಹೇಗೆ ಕೊಡುತ್ತಾರೆ? 'ಪ್ರಕಾಶಕರ ಸರ್ವರ್ ಮೂಲಕ, ಅಥವಾ ಆರ್ಕೈವ್ ಮೂಲಕ, ಅಥವಾ ಫೈಲ್‌ಗಳ ಪ್ರತಿ ಮೂಲಕ' ಎಂದಿದ್ದರೆ, ಆ 'ಅಥವಾ' ಯಾರ ಆಯ್ಕೆ? ಬರೆದಿರದಿದ್ದರೆ ಅವರದೇ ಆಗುತ್ತದೆ. ಆಗ ಅಂಕಿಗಳ ಹೆಸರಿನ ಆ ಹಾರ್ಡ್ ಡಿಸ್ಕ್ ಬರುತ್ತದೆ. 'ಲೈಬ್ರರಿಯ ಆಯ್ಕೆಯಂತೆ' ಎಂಬ ಎರಡು ಪದ ಸೇರಿಸಲು ಕೇಳಿ. ಆಮೇಲೆ ಇನ್ನಷ್ಟು ನೋಡಿ. ಪ್ರವೇಶಕ್ಕೆ ಶುಲ್ಕ ಇದೆಯಾ? ಕಂಪನಿ ಮಾರಾಟವಾದರೆ ಹೊಸ ಮಾಲೀಕರಿಗೂ ಈ ಷರತ್ತು ಅನ್ವಯಿಸುತ್ತದಾ? ಅಂತರ-ಗ್ರಂಥಾಲಯ ಎರವಲಿನಂಥ ಬಳಕೆಯ ಹಕ್ಕುಗಳು ಚಂದಾ ನಂತರವೂ ಉಳಿಯುತ್ತವಾ, ಬರೀ ತೆರೆದು ಓದುವುದಷ್ಟೇನಾ? ಫೈಲ್‌ನ ರೂಪ ಹಳತಾದರೆ ಹೊಸ ರೂಪಕ್ಕೆ ಬದಲಿಸಿಕೊಳ್ಳಲು ನಮಗೆ ಅನುಮತಿ ಇದೆಯಾ?

ಕೇಳಲು ಸಂಕೋಚ ಬೇಡ. ಮಾರಾಟ ಪ್ರತಿನಿಧಿ 'ಇದು ಎಲ್ಲರಿಗೂ ಒಂದೇ ಲೈಸೆನ್ಸ್, ಬದಲಿಸಲು ಆಗಲ್ಲ' ಅನ್ನುತ್ತಾರೆ. ಒಂದು ಪುಟದ ಅನುಬಂಧ ಸೇರಿಸಲು ಆಗುತ್ತದೆ. ಬಾಯಿಮಾತಿನ ಭರವಸೆ, ಫೋನ್‌ನಲ್ಲಿ ಹೇಳಿದ್ದು ಯಾವುದೂ ಹತ್ತು ವರ್ಷದ ಮೇಲೆ ಲೆಕ್ಕಕ್ಕೆ ಬರುವುದಿಲ್ಲ. ಹೇಳಿದವರು ಆಗ ಆ ಕಂಪನಿಯಲ್ಲೇ ಇರುವುದಿಲ್ಲ.

ಯಾರಿಗೆ ಯಾವುದು

ಸಂಶೋಧನೆ ನಡೆಯುವ ಲೈಬ್ರರಿಯಾದರೆ ಮುಖ್ಯ ಜರ್ನಲ್‌ಗಳಿಗೆ ನೇರ ಚಂದಾ, ಚಂದಾ ನಂತರದ ಹಕ್ಕು, ಜೊತೆಗೆ ಒಂದು ಆರ್ಕೈವ್ ಸದಸ್ಯತ್ವ. ಇವು ಮೂರೂ ಇರಲಿ ಅನ್ನುತ್ತೇನೆ. ಹಣ ಕಡಿಮೆಯಾದ ವರ್ಷ ಶೀರ್ಷಿಕೆಗಳನ್ನು ಕಡಿಮೆ ಮಾಡಿ, ಷರತ್ತುಗಳನ್ನು ಸಡಿಲ ಮಾಡಬೇಡಿ.

ಪದವಿ ಕಾಲೇಜಿಗೆ ಒಟ್ಟು ಡೇಟಾಬೇಸ್ ಸಾಕು. ವರ್ಷ ವರ್ಷ ಪಾಠಕ್ಕೆ ಬೇಕಾಗುವ ಇಪ್ಪತ್ತು ಮೂವತ್ತು ಪುಸ್ತಕಗಳನ್ನು ಮಾತ್ರ ಬೀಗವಿಲ್ಲದೆ, ಶಾಶ್ವತವಾಗಿ ಕೊಂಡುಕೊಳ್ಳಿ. ಸಾರ್ವಜನಿಕ ಲೈಬ್ರರಿಗೆ ಎಣಿಕೆಯ ಲೈಸೆನ್ಸ್ ತಪ್ಪುವುದಿಲ್ಲ. ಆದರೆ ತನ್ನ ಊರಿನ, ತನ್ನ ಭಾಷೆಯ ಬರಹಗಾರರ ಪುಸ್ತಕಗಳು ಎರಡು ವರ್ಷಕ್ಕೆ ಮಾಯವಾಗುವ ಬಗೆಯಲ್ಲಿ ಇರಬಾರದು. ಅವನ್ನು ಬೇರೆ ಯಾವ ಲೈಬ್ರರಿಯೂ ಕಾಪಿಡದೆ ಇರಬಹುದು. ಒಬ್ಬರಿಂದ ಆಗದ ಕೆಲಸ ಒಕ್ಕೂಟದಿಂದ ಆಗುತ್ತದೆ. ಹತ್ತು ಲೈಬ್ರರಿ ಸೇರಿ ಕೇಳಿದ ಷರತ್ತನ್ನು ಪ್ರಕಾಶಕರು ಬೇಗ ಒಪ್ಪುತ್ತಾರೆ.

ಯಾವುದನ್ನು ಆರಿಸಿದರೂ ಒಂದು ಕೆಲಸ ಮಾತ್ರ ನಿಮ್ಮದೇ. ಪ್ರತಿ ವರ್ಷ ಚಂದಾ ನವೀಕರಿಸುವಾಗ ಆ ವರ್ಷದ ಶೀರ್ಷಿಕೆ ಪಟ್ಟಿಯನ್ನು ಇಳಿಸಿ ಇಟ್ಟುಕೊಳ್ಳಿ. ಕೆಬಾರ್ಟ್ ಎಂಬ ಮಾದರಿಯಲ್ಲಿ ಕೊಡಿ ಅಂದರೆ ಕೊಡುತ್ತಾರೆ. ಒಂದೊಂದು ಸಾಲಿನಲ್ಲಿ ಜರ್ನಲ್ ಹೆಸರು, ಐಎಸ್‌ಎಸ್‌ಎನ್, ಮೊದಲ ಸಂಚಿಕೆ, ಕೊನೆ ಸಂಚಿಕೆ, ಪೂರ್ಣಪಾಠವೋ ಸಾರಾಂಶವೋ ಎಲ್ಲ ಇರುತ್ತದೆ. ಅದರ ಜೊತೆ ಸಹಿ ಆದ ಲೈಸೆನ್ಸ್, ಇನ್‌ವಾಯ್ಸ್, ಹಣ ಕಟ್ಟಿದ ರಸೀದಿ. ನಾಲ್ಕನ್ನೂ ಒಂದೇ ಫೋಲ್ಡರ್‌ನಲ್ಲಿ, ವರ್ಷದ ಹೆಸರಿನಲ್ಲಿ ಇಡಿ. ಲೈಬ್ರರಿಯ ಸಾಮಾನ್ಯ ಖಾತೆಯಲ್ಲಿ ಇಡಿ, ಒಬ್ಬರ ಸ್ವಂತ ಮೇಲ್‌ನಲ್ಲಿ ಬೇಡ. ಹಕ್ಕಿದೆ ಎಂದು ತೋರಿಸುವ ಹೊಣೆ ಕೊನೆಗೆ ನಮ್ಮ ತಲೆ ಮೇಲೇ ಬರುತ್ತದೆ.

ಚಂದಾ ನಿಲ್ಲಿಸಲೇಬೇಕಾಗಿ ಬಂದರೆ ಮೂರು ತಿಂಗಳು ಮೊದಲೇ ಪ್ರಕಾಶಕರಿಗೆ ಬರೆದು, ನಮಗೆ ಉಳಿಯುವ ಶೀರ್ಷಿಕೆ ಮತ್ತು ವರ್ಷಗಳ ಪಟ್ಟಿಯನ್ನು ಲಿಖಿತವಾಗಿ ತರಿಸಿಕೊಳ್ಳಿ. ನಮ್ಮ ಪಟ್ಟಿಯ ಜೊತೆ ಅದನ್ನು ಸಾಲು ಸಾಲಾಗಿ ಹೋಲಿಸಿ. ಚಂದಾ ಮುಗಿದ ಮೊದಲ ವಾರದಲ್ಲೇ ಪ್ರತಿ ಜರ್ನಲ್‌ನಿಂದ ಒಂದು ಹಳೇ ಲೇಖನ, ಒಂದು ನಡುವಿನ ವರ್ಷದ ಲೇಖನ, ಒಂದು ಕೊನೆಯ ವರ್ಷದ ಲೇಖನ ತೆರೆದು ನೋಡಿ. ಬೀಗದ ಚಿತ್ರ ಬಂದರೆ ಅವತ್ತೇ ಬರೆಯಿರಿ. ಮೊದಲ ತಿಂಗಳಲ್ಲಿ ಹಳೇ ದಾಖಲೆಗಳು ಅವರ ಕಂಪ್ಯೂಟರ್‌ನಲ್ಲಿ ಇನ್ನೂ ಇರುತ್ತವೆ, ನಮ್ಮ ಖಾತೆ ನೋಡಿಕೊಳ್ಳುತ್ತಿದ್ದವರೂ ಅಲ್ಲೇ ಇರುತ್ತಾರೆ.